ಹಗುರ ಸೈಕಲ್ಲಿನ ಲೆಕ್ಕ
ಬಹಳ ವರ್ಷಗಳ ನಂತರ ಮತ್ತೆ ಸೈಕಲ್ ಏರಹೊರಟವರು ಅಂಗಡಿಯಲ್ಲಿ ರೋಡ್ ಬೈಕನ್ನು ಮೊದಲು ಒಂದೇ ಕೈಯಲ್ಲಿ ಎತ್ತಿ ನೋಡುತ್ತಾರೆ. ಮೋಹ ಸಹಜ. ಅಲ್ಯೂಮಿನಿಯಂ ಕೊಳವೆಯನ್ನು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು ಮಾಡಿ ತೂಕ ಕದಿಯುವ ಕಸುಬು ಮೆಚ್ಚಬೇಕಾದದ್ದೇ. ಆದರೆ 75 ಕಿಲೋ ಸವಾರ 10 ಕಿಲೋ ಸೈಕಲ್ ಬಿಟ್ಟು 8 ಕಿಲೋದ್ದು ಕೊಂಡರೆ ಒಟ್ಟು ಭಾರ ಇಳಿಯುವುದು ಶೇ. 2.4ರಷ್ಟು; ನಂದಿಬೆಟ್ಟವನ್ನು 40 ನಿಮಿಷದಲ್ಲಿ ಹತ್ತುವವರಿಗೆ ಉಳಿಯುವುದು ಹೆಚ್ಚೆಂದರೆ ಒಂದು ನಿಮಿಷ. ಅದೇ ಏರಿನಲ್ಲಿ ಮಂಡಿ ಕಾಯುವುದು ಹಿಂಚಕ್ರದ 34 ಹಲ್ಲಿನ ಗೇರು; ಬೆನ್ನು, ಅಂಗೈ ಕಾಯುವುದು ತುಸು ಎತ್ತರದ ಹ್ಯಾಂಡಲ್ಲು, 32 ಮಿ.ಮೀ. ಟೈರು. ಹಗುರ ಸೈಕಲ್ ಪೆಡಲ್ ಒತ್ತಿದೊಡನೆ ಚಿಮ್ಮುತ್ತದಲ್ಲ ಎನ್ನುವಿರಾ? ಆ ಚುರುಕಿನಲ್ಲಿ ಒಳ್ಳೆಯ ಟೈರಿನ ಪಾಲೂ ದೊಡ್ಡದು. ಲಿಫ್ಟಿಲ್ಲದ ಮೂರನೇ ಮಹಡಿಗೆ ಹೊತ್ತೊಯ್ಯುವವರ ಮಾತು ಬೇರೆ. ಉಳಿದವರು ಮೈಗೊಪ್ಪುವ ಅಳತೆಗೆ ಮೊದಲು ದುಡ್ಡು ಹಾಕಲಿ.