ರಂಗಸಜ್ಜಿಕೆಯೂ ಮಿತವ್ಯಯವೂ

ಬ್ರಿಟನ್ನಿನ ರಂಗಕರ್ಮಿಗಳೂ ಪರಿಸರತಜ್ಞರೂ ಕೂಡಿ 2021ರಲ್ಲಿ ಹೊರತಂದ ‘ಥಿಯೇಟರ್ ಗ್ರೀನ್ ಬುಕ್’ ನಾಟಕಶಾಲೆಗಳಿಗೆ ಒಂದು ಕಠಿಣ ವ್ರತವನ್ನೇ ವಿಧಿಸಿದೆ. ಅದರ ಮೊದಲ ಮೆಟ್ಟಿಲಿನಲ್ಲಿಯೇ, ಪ್ರಯೋಗದ ಸಾಮಗ್ರಿಯಲ್ಲಿ ಅರ್ಧಪಾಲು ಹಿಂದೊಮ್ಮೆ ಬಳಕೆಯಾದದ್ದಿರಬೇಕು. ಆಟ ಮುಗಿದ ಮೇಲೆ ನೂರಕ್ಕೆ 65 ಪಾಲು ಮತ್ತೊಂದು ಕೆಲಸಕ್ಕೆ ಒದಗಬೇಕು. ಕೆಲವೇ ವಾರಗಳ ಆಟಕ್ಕಾಗಿ ಅರಮನೆಯನ್ನು ಕಟ್ಟಿ, ಅನಂತರ ಕಸಕ್ಕೆ ಬಿಸುಡುವ ರೂಢಿಗೆ ಇದು ತಕ್ಕ ಮದ್ದೆಂಬುದು ನಿಸ್ಸಂಶಯ.

ಆದರೆ ಬರಿಯ ಲೆಕ್ಕದಿಂದ ಈ ವ್ರತವು ಸಾಗದು. ಹಳೆಯ ಹಲಗೆ ಮರಳಿ ರಂಗವನ್ನೇರಬೇಕಾದರೆ ಪ್ರೇಕ್ಷಕನ ಸಮ್ಮತಿ ಬೇಕು. ಕನ್ನಡದ ವೃತ್ತಿರಂಗಭೂಮಿಗೆ ಆ ಸಮ್ಮತಿ ದೊರೆತಿದ್ದಿತು. ಬೀದಿ, ಕಾಡು, ಉದ್ಯಾನ, ದರ್ಬಾರು ಎಂಬ ಕೆಲವೇ ಪರದೆಗಳನ್ನು ಸುರುಳಿ ಸುತ್ತಿಕೊಂಡು ಕಂಪನಿಗಳು ಊರೂರು ತಿರುಗುತ್ತಿದ್ದವು. ನಿನ್ನೆ ಹಸ್ತಿನಾವತಿಯೆನಿಸಿದ ದರ್ಬಾರೇ ಇಂದು ಲಂಕೆಯಾಗುತ್ತಿದ್ದಿತು; ನಟನ ಕಂಠದಿಂದ ಒಂದು ಕಂದಪದ್ಯ ಹೊರಟರೆ ಸಾಕು, ಸಭೆಗೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ. ಹಾಗೆಂದು ಕಂಪನಿಗಳೆಲ್ಲ ಮಿತವ್ಯಯದ ಮೂರ್ತಿಗಳಲ್ಲ. ಗುಬ್ಬಿ ವೀರಣ್ಣನವರ ಮಂಡಲಿ 1934ರ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನೇ ತಂದಿತು. (ಆನೆಯನ್ನು ಕಸಕ್ಕೆ ಹಾಕುವ ಪ್ರಮೇಯವಾದರೂ ಇರಲಿಲ್ಲ!)

ಇಂದು ಬಡ ಹವ್ಯಾಸಿ ತಂಡವೂ ಒಂದೇ ಸಂಜೆಯ ಪ್ರಯೋಗಕ್ಕೆ ಹೊಸ ಪ್ಲೈವುಡ್ಡನ್ನೂ ಥರ್ಮೊಕೋಲನ್ನೂ ಕೊಳ್ಳುವುದುಂಟು. ಮರಕ್ಕಾದರೂ ಎರಡನೆಯ ಬಾಳುವೆಯುಂಟು. ಮುರಿದ ಥರ್ಮೊಕೋಲಿಗೆ ಅದೂ ಇಲ್ಲ. ಇದರ ಹೊಣೆ ತಂಡಗಳದು ಮಾತ್ರವಲ್ಲ, ವಿಮರ್ಶಕರದೂ ಹೌದು. ರಂಗಸಜ್ಜಿಕೆ ಹಳೆಯದೆಂಬುದನ್ನೇ ದೋಷವಾಗಿ ಎಣಿಸುತ್ತಿರುವವರೆಗೆ, ಕಳೆದ ವರ್ಷದ ಬಾಗಿಲನ್ನು ಈ ವರ್ಷದ ನಾಟಕದಲ್ಲಿ ನಿಲ್ಲಿಸುವ ಧೈರ್ಯ ಯಾವ ನಿರ್ದೇಶಕನಿಗೆ ಬಂದೀತು?