ಉಸಿರಿನಿಂದ ನೀರಳೆಯುವ ಪೈಪು

ವಾಷಿಂಗ್ ಮಷೀನಿನಲ್ಲಿ ನನಗೆ ಅತಿ ಮೆಚ್ಚಿನ ಭಾಗವೆಂದರೆ ಕಿರುಬೆರಳಿಗಿಂತ ಸಣ್ಣದೊಂದು ರಬ್ಬರ್ ಪೈಪು. ಟಬ್ಬಿನ ತಳದ ಪುಟ್ಟ ಗಾಳಿಗೂಡಿನಿಂದ ಹೊರಟು ಅದು ಮೇಲಿರುವ ಪ್ರೆಶರ್ ಸ್ವಿಚ್ಚಿಗೆ ಸೇರುತ್ತದೆ. ನೀರು ಏರಿದಂತೆ ಒಳಗೆ ಸಿಕ್ಕಿಕೊಂಡ ಗಾಳಿ ಒತ್ತಿ, ಸ್ವಿಚ್ಚಿನ ತೆಳು ಪೊರೆಯನ್ನು ತಳ್ಳುತ್ತದೆ. 10 ಸೆಂಟಿಮೀಟರ್ ನೀರಿನ ಒತ್ತಡ ವಾತಾವರಣದ ಒತ್ತಡದ ಸುಮಾರು ನೂರರಲ್ಲೊಂದು ಪಾಲು, ಅಷ್ಟೇ ಸಾಕು! ಹಳೆಯ ಯಂತ್ರಗಳಲ್ಲಿ ಆ ಪೊರೆ 'ಟಕ್' ಎಂದು ಸ್ವಿಚ್ ಬದಲಿಸುತ್ತದೆ. ಹೊಸ ಎಷ್ಟೋ ಯಂತ್ರಗಳಲ್ಲಿ ಕಾಯಿಲ್‌ನೊಳಗೆ ಫೆರೈಟ್ ತುಂಡನ್ನು ಸರಿಸಿ ಕಂಟ್ರೋಲ್ ಬೋರ್ಡಿಗೆ ಮಟ್ಟ ತಿಳಿಸುತ್ತದೆ. ಸ್ವಿಚ್ಚಿಗೆ ನೀರು ತಾಗುವುದೇ ಇಲ್ಲ.

ಕೆಟ್ಟಾಗಲೂ ಅದು ಸುಳಿವು ಬಿಟ್ಟುಕೊಡುತ್ತದೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಗಾಳಿ ಸೋರಿ, ಟಬ್ಬು ತುಂಬಿದ ಮೇಲೂ ಯಂತ್ರ ನೀರು ಎಳೆಯುತ್ತಲೇ ಇರುತ್ತದೆ. ಸೋಪಿನ ಜಿಡ್ಡು ಗಾಳಿಗೂಡಿನ ಬಾಯಿ ಕಟ್ಟಿದರೆ ಒತ್ತಡ ಒಳಗೇ ಉಳಿದು, ಖಾಲಿ ಟಬ್ಬಿನಲ್ಲೂ ನೀರಿದೆ ಎಂದು ಯಂತ್ರ ನಂಬುತ್ತದೆ. ಬಲ್ಲ ಮೆಕ್ಯಾನಿಕ್ ಮೊದಲೇ ದುಬಾರಿ ಬೋರ್ಡ್ ಬದಲಿಸಲು ಹೇಳುವುದಿಲ್ಲ. ಹಳೆಯ ಯಂತ್ರವಾದರೆ ಪ್ಲಗ್ ಕಿತ್ತು, ಪೈಪನ್ನು ಗೂಡಿನ ಕಡೆ ಬಿಚ್ಚಿ, ಮೆಲ್ಲಗೆ ಊದಿ, ಆ 'ಟಕ್'ಗೆ ಕಿವಿಗೊಡುತ್ತಾನೆ. ಇಂಥ ಪರೀಕ್ಷೆಯ ಮೇಲೆ ನನಗೆ ಅಪಾರ ಗೌರವ.

ನೀರೇ ಬರದಿದ್ದರೆ ಕಥೆ ಚಿಕ್ಕದು. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಇನ್‌ಲೆಟ್ ವಾಲ್ವಿನ ಜಾಲರಿಗೆ ಮರಳು, ಸುಣ್ಣ ಕಟ್ಟಿರುತ್ತದೆ. ನಲ್ಲಿ ನಿಲ್ಲಿಸಿ, ಜಾಲರಿಯನ್ನು ಇಕ್ಕಳದಿಂದ ಎಳೆದು, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.