ಹಿಡಿಯೋರು ಮೂವರು, ಚೆಂಡು ಒಂದೇ

ಆಗಸ್ಟ್ ತಿಂಗಳಲ್ಲಿ ನಮ್ಮ ಶಿಕಾಗೋ ಬೇರ್ಸ್ ಯಾವತ್ತೂ ಸೋತಿಲ್ಲ. ಯಾಕಂದ್ರೆ ಆಗಸ್ಟ್‌ನಲ್ಲಿ ಲೆಕ್ಕಕ್ಕೆ ಬರೋ ಪಂದ್ಯಾನೇ ಇರಲ್ಲ. ಇರೋದು ಬರೀ ಮಾತು. ಆ ಮಾತಿನಲ್ಲಿ ನಾನೂ ಭಾಗಿ ಅಂತ ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗ್ತೀನಿ.

2024ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ಇಲ್ಲಿನ ಕನ್ನಡದವರ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬದ ಊಟಕ್ಕೆ ಕೂತಾಗಲೂ ಅದೇ ವಿಷಯ: ಈ ಸಲ ನಮ್ಮ ವೈಡ್ ರಿಸೀವರ್‌ಗಳು ಹೆಂಗಿದಾರೆ ನೋಡಿ! ಮೊದಲನೆಯವನು ಡಿ.ಜೆ. ಮೂರ್. 2023ರಲ್ಲಿ ಬೇರ್ಸ್‌ಗೇ ಆಡಿ 96 ಕ್ಯಾಚ್, 1,364 ಯಾರ್ಡ್ ಗಳಿಸಿದ್ದ. ಎರಡನೆಯವನು ಕೀನನ್ ಆಲನ್. ಮಾರ್ಚ್‌ನಲ್ಲಿ ಚಾರ್ಜರ್ಸ್‌ನಿಂದ ಬಂದವನು, ಹಿಂದಿನ ಸೀಸನ್‌ನಲ್ಲಿ ಹದಿಮೂರೇ ಪಂದ್ಯಗಳಲ್ಲಿ 108 ಕ್ಯಾಚ್, 1,243 ಯಾರ್ಡ್. ಮೂರನೆಯವನು ರೋಮ್ ಒಡುನ್ಜೆ. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಒಂದೇ ಸೀಸನ್‌ನಲ್ಲಿ 92 ಕ್ಯಾಚ್, 1,640 ಯಾರ್ಡ್ ಮಾಡಿ, ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾಗಿದ್ದ. ಇವರಿಗೆ ಚೆಂಡು ಎಸೆಯೋಕೆ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ, ಕೇಲೆಬ್ ವಿಲಿಯಮ್ಸ್.

ನನ್ನ ಮಗ ಕೇಳಿದ: "ಅಪ್ಪಾ, ಮೂರು ಜನಾನೂ ಸಾವಿರ ಯಾರ್ಡ್ ಮಾಡ್ತಾರಾ?" ನಾನು ಹೇಳಿದೆ: "ಮಾಡೇ ಮಾಡ್ತಾರೆ, ನೋಡ್ತಿರು."

ಈ ಉತ್ತರವನ್ನೇ ಇವತ್ತು ವಿಮರ್ಶೆಗೆ ಇಟ್ಕೊಂಡಿದೀನಿ. ಆಟಗಾರರನ್ನಲ್ಲ, ಅವರ ಬಗ್ಗೆ ನಾವು ಕಟ್ಟಿದ ಭರವಸೆಯನ್ನ.

ಆ ಭರವಸೆ ಹುಟ್ಟಿದ್ದು ಸುಮ್ಮನೆ ಅಲ್ಲ. ಇದು ಪಾಸಿಂಗ್ ವಿಷಯದಲ್ಲಿ ಬರಗಾಲದ ಊರು. ಅಲ್ಲಿಯವರೆಗೆ ಬೇರ್ಸ್‌ನ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಒಂದು ಸೀಸನ್‌ನಲ್ಲಿ 4,000 ಯಾರ್ಡ್ ಎಸೆದಿರಲಿಲ್ಲ. ಎರಿಕ್ ಕ್ರೇಮರ್ 1995ರಲ್ಲಿ ಎಸೆದ 3,838 ಯಾರ್ಡೇ ಆಗ ತಂಡದ ದಾಖಲೆಯಾಗಿತ್ತು. ತಂಡದ ಪರ ಒಟ್ಟಾರೆ ಅತಿ ಹೆಚ್ಚು ಯಾರ್ಡ್ ಹಿಡಿದವನು ಜಾನಿ ಮಾರಿಸ್, 5,059. ಅವನು ಆಡಿದ್ದು 1958ರಿಂದ 1967ರವರೆಗೆ! ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಅಂಕಿಯನ್ನ ದಾಟೋರೇ ಹುಟ್ಟಲಿಲ್ಲ ಅಂದ್ರೆ, ಹಸಿವು ಎಷ್ಟಿರಬೇಕು ಯೋಚನೆ ಮಾಡಿ. ಹಸಿದವನಿಗೆ ಎಲೆ ಹಾಕಿದ ಕೂಡಲೇ ಊಟ ಆದ ಹಾಗೇ ಅನ್ಸುತ್ತೆ.

ಆದ್ರೆ ಎಲೆ ಬೇರೆ, ಊಟ ಬೇರೆ. ನಮ್ಮ ಲೆಕ್ಕದಲ್ಲಿ ಎರಡು ತಪ್ಪಿದ್ದವು.

ಮೊದಲನೇದು ಕೂಡಿಸೋ ತಪ್ಪು. ಮೂವರ ಯಾರ್ಡ್‌ಗಳನ್ನ ಕೂಡಿಸಿದರೆ 4,247, ಕ್ಯಾಚ್‌ಗಳನ್ನ ಕೂಡಿಸಿದರೆ 296. ನಾವೆಲ್ಲ ಮನಸ್ಸಿನಲ್ಲೇ ಕೂಡಿಸಿದ್ದು ಇದನ್ನೇ. ಆದರೆ ಆ 296 ಕ್ಯಾಚ್ ಬಂದಿದ್ದು ಮೂರು ಬೇರೆ ಬೇರೆ ತಂಡಗಳಲ್ಲಿ, ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳ ಕೈಯಿಂದ. ಮೂವರೂ ತಮ್ಮ ತಮ್ಮ ತಂಡದಲ್ಲಿ ಮನೆಗೆ ಹಿರೀಮಗನ ಥರ ಇದ್ದರು. ಮೊದಲು ಅವನ ಕಡೆ ನೋಡು, ಅವನಿಗೆ ಎಸಿ, ಆಮೇಲೆ ಉಳಿದವರು. ಮೂವರು ಹಿರೀಮಕ್ಕಳನ್ನ ತಂದು ಒಂದೇ ಮನೆಯಲ್ಲಿ ಇಟ್ಟರೆ ಚೆಂಡು ಮೂರಾಗಲ್ಲ. ಒಂದು ಆಟಕ್ಕೆ ಚೆಂಡು ಒಂದೇ.

ಒಂದೇ ತಂಡದಲ್ಲಿ ಮೂವರು ಸಾವಿರ ಯಾರ್ಡ್ ದಾಟಿದ್ದೇ ಇಲ್ಲವಾ? ಇದೆ, ಆದರೆ ಬೆರಳೆಣಿಕೆಯಷ್ಟು. 2004ರ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನಲ್ಲಿ ಮಾರ್ವಿನ್ ಹ್ಯಾರಿಸನ್, ರೆಜಿ ವೇನ್, ಬ್ರ್ಯಾಂಡನ್ ಸ್ಟೋಕ್ಲಿ ದಾಟಿದರು. 2008ರ ಅರಿಜೋನಾ ಕಾರ್ಡಿನಲ್ಸ್‌ನಲ್ಲಿ ಲ್ಯಾರಿ ಫಿಟ್ಜ್‌ಜೆರಾಲ್ಡ್, ಆಂಕ್ವಾನ್ ಬೋಲ್ಡಿನ್, ಸ್ಟೀವ್ ಬ್ರೆಸ್ಟನ್. ಎಸೆದವರು ಯಾರು ನೋಡಿ: ಕೋಲ್ಟ್ಸ್‌ಗೆ ಪೇಯ್ಟನ್ ಮ್ಯಾನಿಂಗ್, ಕಾರ್ಡಿನಲ್ಸ್‌ಗೆ ಕರ್ಟ್ ವಾರ್ನರ್. ಇಬ್ಬರೂ ಆ ಹೊತ್ತಿಗೆ ವರ್ಷಗಟ್ಟಲೆ ಆಡಿ ಪಳಗಿದವರು. ನಾವು ಅದೇ ಕೆಲಸವನ್ನ ಇನ್ನೂ ಒಂದು ಪಂದ್ಯವನ್ನೂ ಆಡದ ಇಪ್ಪತ್ತೆರಡರ ಹುಡುಗನ ಕೈಗೆ ಕೊಟ್ಟಿದ್ವಿ.

ಎರಡನೇದು ಕಣ್ಣಿನ ತಪ್ಪು. ಆಟ ಈಗ ತಾನೇ ನೋಡೋಕೆ ಶುರು ಮಾಡಿದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ರಿಸೀವರ್ ಓಡಬೇಕು, ತಿರುಗಬೇಕು, ಕಾವಲುಗಾರನಿಂದ ಬಿಡಿಸ್ಕೋಬೇಕು. ಅದಕ್ಕೆ ಎರಡೂವರೆ, ಮೂರು ಸೆಕೆಂಡ್ ಬೇಕು. ಅಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಯಾರೂ ಬೀಳದ ಹಾಗೆ ತಡೆಯೋದು ಆಫೆನ್ಸಿವ್ ಲೈನ್‌ನ ಐದು ಜನ ದಾಂಡಿಗರ ಕೆಲಸ. ರಿಸೀವರ್ ಮಾಡೋದೆಲ್ಲ ಟಿವಿಯಲ್ಲಿ ಕಾಣುತ್ತೆ, ಕ್ಯಾಮೆರಾ ಚೆಂಡಿನ ಹಿಂದೇನೇ ಹೋಗುತ್ತೆ. ಅವನಿಗೆ ಕ್ಯಾಚ್ ಇದೆ, ಯಾರ್ಡ್ ಇದೆ, ಟಚ್‌ಡೌನ್ ಇದೆ, ಕುಣಿತ ಇದೆ. ಎಡ ಗಾರ್ಡ್‌ಗೆ ಏನಿದೆ? ಅವನು ಸರಿಯಾಗಿ ಕೆಲಸ ಮಾಡಿದ ದಿನ ಅವನ ಹೆಸರೇ ಯಾರ ಬಾಯಲ್ಲೂ ಬರಲ್ಲ. ಕಾಣೋದನ್ನ ಮಾತ್ರ ಎಣಿಸಿದರೆ ಭರವಸೆ ಸುಲಭವಾಗಿ ಉಬ್ಬುತ್ತೆ.

ನಮಗೆ ಇದು ಹೊಸ ಪಾಠ ಆಗಬಾರದಿತ್ತು. ಆರ್‌ಸಿಬಿ ಅಭಿಮಾನಿಗಳಲ್ವಾ ನಾವು? ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಒಂದೇ ತಂಡದಲ್ಲಿದ್ರು. 2016ರ ಫೈನಲ್‌ನಲ್ಲಿ ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್‌ಗೆ 208 ಬಿಟ್ಟುಕೊಟ್ಟು 8 ರನ್‌ನಿಂದ ಸೋತ್ವಿ. ಕೊನೆಗೆ 2025ರಲ್ಲಿ ಕಪ್ ಬಂದಾಗ ಫೈನಲ್‌ನ ಪಂದ್ಯಶ್ರೇಷ್ಠ ಯಾರು? 17 ರನ್ ಕೊಟ್ಟು 2 ವಿಕೆಟ್ ತೆಗೆದ ಕೃಣಾಲ್ ಪಾಂಡ್ಯ. ಪೋಸ್ಟರ್‌ನಲ್ಲಿ ಮುಂದೆ ನಿಲ್ಲೋನಲ್ಲ ಅವನು. ಹದಿನೆಂಟು ಸೀಸನ್ ಕಲಿಸಿದ ಪಾಠವನ್ನ ವಿಮಾನ ಹತ್ತೋವಾಗ ಬೆಂಗಳೂರಲ್ಲೇ ಬಿಟ್ಟು ಬಂದ ಹಾಗೆ ಇಲ್ಲಿ ಮತ್ತೆ ಅದೇ ತಪ್ಪು ಮಾಡ್ತೀವಿ.

ಸರಿ, ಆ ಸೀಸನ್‌ನಲ್ಲಿ ಏನಾಯ್ತು? ಗಣೇಶನ ಹಬ್ಬದ ಮಾರನೇ ದಿನ, ಸೆಪ್ಟೆಂಬರ್ 8ಕ್ಕೆ ಮೊದಲ ಪಂದ್ಯ. ಟೈಟನ್ಸ್ ವಿರುದ್ಧ 24-17ರಲ್ಲಿ ಗೆದ್ದೆವು, ಆದರೆ ಆಫೆನ್ಸ್‌ನಿಂದ ಒಂದೂ ಟಚ್‌ಡೌನ್ ಬರಲಿಲ್ಲ. ಕೇಲೆಬ್ ಎಸೆದಿದ್ದು 93 ಯಾರ್ಡ್. ಗೆದ್ದ ಖುಷಿಯಲ್ಲಿ ಆ ಅಂಕಿಯನ್ನ ಯಾರೂ ಓದಲಿಲ್ಲ. 4-2 ಆಗಿದ್ದ ತಂಡ ಅಕ್ಟೋಬರ್ 27ರಂದು ವಾಷಿಂಗ್ಟನ್ ವಿರುದ್ಧ ಕಟ್ಟಕಡೆಯ ಎಸೆತದಲ್ಲಿ 18-15ಕ್ಕೆ ಸೋತಿತು. ಅಲ್ಲಿಂದ ಸತತ ಹತ್ತು ಸೋಲು. ನವೆಂಬರ್‌ನಲ್ಲಿ ಮೊದಲು ಆಫೆನ್ಸ್ ಕೋಚ್ ಶೇನ್ ವಾಲ್ಡ್ರನ್ ಹೋದ, ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಹೋದ. ಕೊನೆಗೆ 5-12. ಕೇಲೆಬ್ 68 ಸಲ ಸ್ಯಾಕ್ ಆದ, ಆ ವರ್ಷ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು. ಎಲ್ಲವೂ ಲೈನ್‌ನ ತಪ್ಪಲ್ಲ, ಎಷ್ಟೋ ಸಲ ಅವನೇ ಚೆಂಡು ಹಿಡ್ಕೊಂಡು ತಡ ಮಾಡ್ತಿದ್ದ. ಮೂರ್ 966, ಆಲನ್ 744, ಒಡುನ್ಜೆ 734. ಮಗನಿಗೆ ನಾನು ಕೊಟ್ಟ ಮಾತಿನಲ್ಲಿ ಒಬ್ಬನೂ ಸಾವಿರ ದಾಟಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. 2021ರಲ್ಲಿ ಸಿನ್ಸಿನಾಟಿ ಬೆಂಗಲ್ಸ್ ಕೂಡ ಹೀಗೇ ಮಾಡಿತ್ತಲ್ವಾ? ಲೈನ್‌ಗೆ ಪೆನೆ ಸೂವೆಲ್ ಬೇಕು ಅಂತ ಎಷ್ಟೋ ಜನ ಹೇಳ್ತಿದ್ದಾಗ ರಿಸೀವರ್ ಜಮಾರ್ ಚೇಸ್‌ನನ್ನೇ ಆರಿಸಿತು. ಅವನು 1,455 ಯಾರ್ಡ್ ಮಾಡಿದ, ತಂಡ ಸೂಪರ್ ಬೌಲ್‌ಗೇ ಹೋಯಿತು. ನಿಜ. ಭರವಸೆ ಕೆಲವು ಸಲ ಗೆಲ್ಲುತ್ತೆ. ಆದ್ರೆ ಚೇಸ್‌ಗೆ ಎಸೆದವನು ಜೋ ಬರೋ, ಇಬ್ಬರೂ ಎಲ್‌ಎಸ್‌ಯುನಲ್ಲಿ ಜೊತೆಗೆ ಆಡಿ ರಾಷ್ಟ್ರೀಯ ಚಾಂಪಿಯನ್ ಆದವರು. ಒಬ್ಬ ಎಲ್ಲಿ ತಿರುಗ್ತಾನೆ ಅಂತ ಇನ್ನೊಬ್ಬನಿಗೆ ಗೊತ್ತಿತ್ತು. ಹಾಗಿದ್ದೂ ಆ ಸೂಪರ್ ಬೌಲ್‌ನಲ್ಲಿ ಬರೋ ಏಳು ಸಲ ಸ್ಯಾಕ್ ಆಗಿ, ತಂಡ 23-20ಕ್ಕೆ ಸೋತಿತು. ಲೈನ್ ತನ್ನ ಸಾಲ ವಸೂಲಿ ಮಾಡೇ ಮಾಡಿತು, ಸ್ವಲ್ಪ ತಡವಾಗಿ ಅಷ್ಟೆ.

ಹಾಗಂತ ಅಭಿಮಾನಿ ಭರವಸೆಯನ್ನೇ ಇಟ್ಕೋಬಾರದಾ? ತಪ್ಪಿದ್ರೆ ತಪ್ಪಿತು, ಯಾರಿಗೇನು ನಷ್ಟ? ನಾನೂ ಹಾಗೇ ಅಂದ್ಕೊಂಡಿದ್ದೆ. ನವೆಂಬರ್‌ನ ಒಂದು ಭಾನುವಾರ ಮಗ ಟಿವಿ ಆರಿಸಿ, "ಅಪ್ಪಾ, ಕೇಲೆಬ್ ವೇಸ್ಟು. ಒಡುನ್ಜೆನೂ ವೇಸ್ಟು" ಅಂದ. ಆ ಮಾತನ್ನ ಅವನಿಗೆ ಕಲಿಸಿದ್ದು ನಾನೇ. ಆಗಸ್ಟ್‌ನಲ್ಲಿ "ಮಾಡೇ ಮಾಡ್ತಾರೆ" ಅಂದವನು ನಾನು. ಅವರು ಮಾಡದೇ ಹೋದಾಗ ಹುಡುಗನ ಕೈಯಲ್ಲಿ ಉಳಿದ ವಿವರಣೆ ಒಂದೇ: ಅವರು ಮೋಸ ಮಾಡಿದರು. ನಮ್ಮ ಲೆಕ್ಕ ತಪ್ಪಿತ್ತು ಅನ್ನೋದು ಅವನಿಗೆ ಹೊಳೆಯೋ ದಾರಿಯನ್ನೇ ನಾನು ಇಟ್ಟಿರಲಿಲ್ಲ. ಕುರುಡು ಭರವಸೆಯ ನಿಜವಾದ ನಷ್ಟ ಸೋಲಲ್ಲ, ಸೋತ ಮೇಲೆ ನಾವು ಆಡೋ ಮಾತು. 68 ಸಲ ನೆಲಕ್ಕೆ ಬಿದ್ದು 68 ಸಲ ಎದ್ದು, ಹದಿನೇಳೂ ಪಂದ್ಯ ಆಡಿದ ಹುಡುಗನನ್ನ ವೇಸ್ಟು ಅಂದುಬಿಟ್ವಿ.

ಮುಂದಿನ ವರ್ಷ ತಂಡ ಏನು ಮಾಡಿತು ಅನ್ನೋದೇ ಒಳ್ಳೇ ವಿಮರ್ಶೆ. ಹೆಡ್ ಕೋಚ್ ಆಗಿ ಬೆನ್ ಜಾನ್ಸನ್ ಬಂದ. ಲೈನ್‌ಗೆ ಜೋ ಥೂನಿ, ಜೋನಾ ಜಾಕ್ಸನ್, ಡ್ರೂ ಡಾಲ್ಮನ್ ಬಂದರು. ಆಲನ್ ವಾಪಸ್ ಚಾರ್ಜರ್ಸ್‌ಗೆ ಹೋದ. ಅಂದ್ರೆ ರಿಸೀವರ್‌ಗಳ ಪಟ್ಟಿಯಲ್ಲಿ ದೊಡ್ಡ ಹೆಸರೊಂದು ಕಮ್ಮಿಯೇ ಆಯ್ತು. ಆದ್ರೂ ಸ್ಯಾಕ್‌ಗಳು ಅರ್ಧಕ್ಕಿಂತ ಕೆಳಗಿಳಿದವು, ತಂಡ 11-6ರಲ್ಲಿ ಡಿವಿಷನ್ ಗೆದ್ದಿತು. ಆ ಮಾರ್ಚ್‌ನಲ್ಲಿ ಮೂವರು ಲೈನ್‌ಮನ್‌ಗಳು ಬಂದ ಸುದ್ದಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದು ಎರಡು ಹೆಬ್ಬೆರಳು. ಆಲನ್ ಬಂದ ದಿನ ರಾತ್ರಿಯೆಲ್ಲ ಫೋನ್ ಕುಣಿದಿತ್ತು.

ಮುಂದಿನ ಆಗಸ್ಟ್‌ಗೆ ಮಗ ಮತ್ತೆ ಕೇಳ್ತಾನೆ. ಈ ಸಲ ಉತ್ತರ ಕೊಡೋಕೆ ಮುಂಚೆ ನಾನೇ ಅವನಿಗೆ ಮೂರು ಪ್ರಶ್ನೆ ಕೇಳೋಣ ಅಂತಿದೀನಿ: ಎಸೆಯೋನಿಗೆ ಎಷ್ಟು ಸೆಕೆಂಡ್ ಸಿಗುತ್ತೆ? ಚೆಂಡು ಮೊದಲು ಯಾರಿಗೆ ಹೋಗುತ್ತೆ? ಎಡ ಗಾರ್ಡ್ ಹೆಸರೇನು? ಮೂರನೇ ಪ್ರಶ್ನೆಗೆ ನಮ್ಮಿಬ್ಬರಲ್ಲಿ ಒಬ್ಬರಿಗೂ ಉತ್ತರ ಗೊತ್ತಿಲ್ಲದಿದ್ದರೆ, ಯಾರ್ಡ್ ಲೆಕ್ಕ ಹಾಕೋದನ್ನ ಆಮೇಲೆ ನೋಡಿಕೊಂಡರಾಯ್ತು.